ಚೋಳನಾಡಿನ ಮೂರು ದೊಡ್ಡ ಗುಡಿಗಳು: ತಂಜಾವೂರು, ಗಂಗೈಕೊಂಡ ಚೋಳಪುರ, ದಾರಾಸುರ – ಯಾವುದಕ್ಕೆ ಎಷ್ಟು ಹೊತ್ತು?

ಬೆಂಗಳೂರು, ಮೈಸೂರು ಕಡೆಯಿಂದ ಚೋಳನಾಡಿಗೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ದಿನವಿರುತ್ತದೆ, ಪಟ್ಟಿಯಲ್ಲಿ ಮಾತ್ರ ಇಪ್ಪತ್ತು ಗುಡಿಗಳಿರುತ್ತವೆ. ನವಗ್ರಹ ಕ್ಷೇತ್ರಗಳು ಒಂಬತ್ತು, ಕುಂಭಕೋಣದ ಒಳಗಿನವು ನಾಲ್ಕಾರು, ದಾರಿಯಲ್ಲಿ ಶ್ರೀರಂಗ, ಇವುಗಳ ನಡುವೆ ಎಲ್ಲಿಯಾದರೂ ತುರುಕಬೇಕಾದ ಮೂರು ದೊಡ್ಡ ಚೋಳ ದೇವಾಲಯಗಳು. ನಾನು ಮೊದಲ ಸಲ ಹೋದದ್ದೂ ಇಂಥದೇ ಒಂದು ಪಟ್ಟಿಯನ್ನು ಹಿಡಿದು. ಕಾರಿನವರು ಹಾಕಿಕೊಟ್ಟ ಲೆಕ್ಕದಂತೆ ನಾವು ತಂಜಾವೂರನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡಾಗಿತ್ತು. ಗರ್ಭಗುಡಿಯ ಬಾಗಿಲು ಹಾಕುವ ತರಾತುರಿ ಒಂದು ಕಡೆ, ಬರಿಗಾಲಿಗೆ ಸುಡುವ ಅಂಗಳದ ಕಲ್ಲು ಇನ್ನೊಂದು ಕಡೆ. ಜಗತ್ತಿಗೇ ಹೆಸರಾದ ಆ ವಿಮಾನವನ್ನು, ಎಂದರೆ ಗರ್ಭಗುಡಿಯ ಮೇಲಿನ ಶಿಖರವನ್ನು, ನಾವು ನೋಡಿದ್ದು ನೆರಳಿನಿಂದ ನೆರಳಿಗೆ ಓಡುತ್ತ. ಆಮೇಲಿನ ಭೇಟಿಗಳಲ್ಲಿ ಪಟ್ಟಿಯನ್ನು ಬಿಟ್ಟು ಆಯ್ಕೆಯನ್ನು ಕಲಿತೆ. ಆ ಆಯ್ಕೆಗೆ ನೆರವಾಗುವ ಮಟ್ಟಿಗೆ ಈ ಮೂರು ಗುಡಿಗಳನ್ನು ಇಲ್ಲಿ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದೇ ದಿನ ಇರುವವರು ಬೆಳಗಿನ ಹೊತ್ತನ್ನು ತಂಜಾವೂರಿಗೂ ಸಂಜೆಯ ಹೊತ್ತನ್ನು ದಾರಾಸುರಕ್ಕೂ ಕೊಟ್ಟು, ಗಂಗೈಕೊಂಡ ಚೋಳಪುರವನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬಿಡಬೇಕು. ಎರಡು ದಿನವಿದ್ದವರು ಎರಡನೆಯ ದಿನದ ಬೆಳಗ್ಗೆ ಅಲ್ಲಿಗೆ ಹೋಗಬೇಕು. ಅರ್ಧ ದಿನ ಮಾತ್ರ ಸಿಕ್ಕವರು, ಬೇಲೂರು, ಹಳೇಬೀಡುಗಳನ್ನು ಇಷ್ಟಪಟ್ಟು ನೋಡಿದವರಾಗಿದ್ದರೆ, ತಂಜಾವೂರನ್ನೂ ಬಿಟ್ಟು ನೇರವಾಗಿ ದಾರಾಸುರಕ್ಕೆ ಹೋದರೂ ನಷ್ಟವೇನಿಲ್ಲ. ಈ ಕೊನೆಯ ಮಾತನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಕಾರಣಗಳನ್ನು ಮುಂದೆ ಹೇಳುತ್ತೇನೆ.

ಮೂರೂ ಶಿವಾಲಯಗಳು, ಮೂರೂ ಪೂರ್ವಕ್ಕೆ ಮುಖ ಮಾಡಿದವು, ಮೂರೂ ಮುಖ್ಯವಾಗಿ ಗ್ರಾನೈಟ್ ಕಲ್ಲಿನವು. ತಂಜಾವೂರಿನ ಗುಡಿಯನ್ನು ಒಂದನೆಯ ರಾಜರಾಜನು 1010ರಲ್ಲಿ ಮುಗಿಸಿದನು. ಅವನ ಮಗ ಒಂದನೆಯ ರಾಜೇಂದ್ರನು ಹೊಸ ರಾಜಧಾನಿಯನ್ನು ಕಟ್ಟಿ, ಅಲ್ಲಿ ಸುಮಾರು 1035ರ ಹೊತ್ತಿಗೆ ಗಂಗೈಕೊಂಡ ಚೋಳಪುರದ ಗುಡಿಯನ್ನು ಎಬ್ಬಿಸಿದನು. ದಾರಾಸುರದ ಐರಾವತೇಶ್ವರ ಇವೆರಡಕ್ಕಿಂತ ನೂರು ವರ್ಷಗಳಿಗೂ ಈಚಿನದು, ಹನ್ನೆರಡನೆಯ ಶತಮಾನದ ಎರಡನೆಯ ರಾಜರಾಜನದು. ಯುನೆಸ್ಕೊ 1987ರಲ್ಲಿ ತಂಜಾವೂರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿ, 2004ರಲ್ಲಿ ಉಳಿದೆರಡನ್ನೂ ಅದರ ಜೊತೆಗೂಡಿಸಿತು. ಒಂದೇ ಹೆಸರಿನಡಿ ಬಂದದ್ದರಿಂದ ಮೂರೂ ಒಂದೇ ಬಗೆಯವು, ಒಂದನ್ನು ನೋಡಿದರೆ ಮೂರನ್ನೂ ನೋಡಿದಂತೆ ಎಂಬ ಭಾವನೆ ಬೆಳೆದಿದೆ. ಅದು ತಪ್ಪು.

ಹೊಯ್ಸಳರ ಗುಡಿಗಳಲ್ಲಿ ಕಣ್ಣು ಪಳಗಿದ ಕನ್ನಡಿಗರು ಹೊರಡುವ ಮುನ್ನ ಇನ್ನೊಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಬಳಪದ ಕಲ್ಲು ಅಗೆದು ತೆಗೆದಾಗ ಮೆತ್ತಗಿದ್ದು, ಉಳಿಯ ತುದಿ ಹೇಳಿದಂತೆ ಕೇಳುತ್ತದೆ. ಆದ್ದರಿಂದಲೇ ಬೇಲೂರಿನ ಮದನಿಕೆಯ ಬಳೆಯೊಳಗೆ ಕಡ್ಡಿ ತೂರಿಸುವಷ್ಟು ಜಾಗವಿರುತ್ತದೆ. ಗ್ರಾನೈಟ್ ಹಾಗಲ್ಲ. ಅದರಲ್ಲಿ ಕೆಲಸ ಮಾಡುವ ಶಿಲ್ಪಿ ಆಭರಣಕ್ಕಿಂತ ಮೈಯ ನಿಲುವಿಗೆ, ಭುಜದ ಇಳಿಜಾರಿಗೆ, ಖಾಲಿ ಬಿಟ್ಟ ಗೋಡೆಗೆ ಹೆಚ್ಚು ಬೆಲೆ ಕೊಡುತ್ತಾನೆ. ತಂಜಾವೂರಿನಲ್ಲಿ ನಿಂತು “ಕೆತ್ತನೆ ಅಷ್ಟೇನೂ ಇಲ್ಲವಲ್ಲ” ಎಂದು ಗೊಣಗುವ ನಮ್ಮವರನ್ನು ನಾನು ಕಂಡಿದ್ದೇನೆ. ಅಲ್ಲಿ ಕೆತ್ತನೆಯನ್ನು ಹುಡುಕುತ್ತ ಹೋಗುವುದೇ ದಾರಿ ತಪ್ಪಿದಂತೆ.

ಹಾಗಾದರೆ ತಂಜಾವೂರಿನಲ್ಲಿ ನೋಡಬೇಕಾದ್ದೇನು? ಮೊದಲನೆಯದಾಗಿ, ಅಳತೆ. ಸುಮಾರು 60 ಮೀಟರ್ ಎತ್ತರದ, ಹದಿಮೂರು ಅಂತಸ್ತುಗಳ ವಿಮಾನ ನೇರವಾಗಿ ಗರ್ಭಗುಡಿಯ ಮೇಲೆಯೇ ನಿಂತಿದೆ. ನಮಗೆ ರೂಢಿಯಾಗಿರುವುದು ಇದರ ತಿರುವುಮುರುವು: ವಿಜಯನಗರದ ಕಾಲದ ಗುಡಿಗಳಲ್ಲಿ ಹೆಬ್ಬಾಗಿಲ ಗೋಪುರ ಮುಗಿಲು ಮುಟ್ಟುತ್ತದೆ, ದೇವರಿರುವ ಜಾಗ ತಗ್ಗಾಗಿ ಒಳಗೆಲ್ಲೋ ಅಡಗಿರುತ್ತದೆ. ಇಲ್ಲಿ ಕೇರಳಾಂತಕನ್ ತಿರುವಾಸಲ್, ರಾಜರಾಜನ್ ತಿರುವಾಸಲ್ ಎಂಬ ಎರಡು ಬಾಗಿಲುಗಳನ್ನು ದಾಟಿಕೊಂಡು ಬರುವವನಿಗೆ ಎದುರಿನ ವಿಮಾನವೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವಂತೆ ಬಾಗಿಲುಗಳನ್ನು ಗಿಡ್ಡವಾಗಿ ಇಟ್ಟಿದ್ದಾರೆ. ಎರಡನೆಯ ಬಾಗಿಲಿನ ಚೌಕಟ್ಟಿನೊಳಗೆ ವಿಮಾನ ಪೂರ್ತಿಯಾಗಿ ಕೂರುವ ಒಂದು ಜಾಗವಿದೆ. ಅಲ್ಲಿ ಹಿಂದಿನವರು ತಳ್ಳುವವರೆಗೂ ನಿಲ್ಲಿ. ಬೆಳಗಿನ ಆರು, ಆರೂವರೆಗೆ ಹೋದರೆ ತಳ್ಳುವವರೂ ಕಡಿಮೆ, ಪೂರ್ವದ ಬೆಳಕು ಕಲ್ಲಿಗೆ ಜೇನಿನ ಬಣ್ಣ ಕೊಟ್ಟಿರುತ್ತದೆ, ನೆಲವೂ ತಣ್ಣಗಿರುತ್ತದೆ.

ಎರಡನೆಯದು ಅಕ್ಷರ. ಈ ಗುಡಿಯ ಬುಡ ಒಂದು ಕಡತ ಎಂದರೂ ನಡೆದೀತು. ತನ್ನ ಆಳ್ವಿಕೆಯ ಇಪ್ಪತ್ತೈದನೆಯ ವರ್ಷದ 275ನೆಯ ದಿನ ವಿಮಾನದ ತುದಿಗೆ ಏರಿಸಲು ರಾಜರಾಜನು ಕಲಶವನ್ನು ಕೊಟ್ಟದ್ದು, ಗುಡಿಗೆ ಸೇರಿದ ನಾನೂರು ನರ್ತಕಿಯರ ಹೆಸರುಗಳು, ಅವರಿಗೆ ಬೀದಿಯಲ್ಲಿ ಕೊಟ್ಟ ಮನೆಗಳು, ಎಲ್ಲವೂ ಕಲ್ಲಿನಲ್ಲಿವೆ. ಇವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ರಾಜನ ಆಜ್ಞೆಯ ಒಂದು ಸಾಲು: “ನಾಂ ಕುಡುತ್ತನವುಂ, ಅಕ್ಕನ್ ಕುಡುತ್ತನವುಂ, ನಂ ಪೆಣ್ಡುಗಳ್ ಕುಡುತ್ತನವುಂ, ಮಱ್ಱುಂ ಕುಡುತ್ತಾರ್ ಕುಡುತ್ತನವುಂ” ಶ್ರೀವಿಮಾನದ ಕಲ್ಲಿನಲ್ಲಿ ಕೆತ್ತಲಿ ಎಂಬುದು. ತಮಿಳು ಬಾರದ ಕನ್ನಡಿಗನೂ ಇದನ್ನು ಒಂದೆರಡು ಸಲ ಗಟ್ಟಿಯಾಗಿ ಓದಿಕೊಂಡರೆ ಅರ್ಥ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ: ನಾನು ಕೊಟ್ಟದ್ದೂ, ಅಕ್ಕ ಕೊಟ್ಟದ್ದೂ, ನಮ್ಮ ಪೆಂಡಿರು ಕೊಟ್ಟದ್ದೂ, ಮತ್ತೆ ಯಾರು ಕೊಟ್ಟರೋ ಅವರು ಕೊಟ್ಟದ್ದೂ. ಆ ಅಕ್ಕ ಕುಂದವೈ. ಸಾವಿರ ವರ್ಷಗಳ ಹಿಂದಿನ ಅರಸನೊಬ್ಬ ತನ್ನ ದಾನದ ಪಕ್ಕದಲ್ಲೇ, ರಾಣಿಯರಿಗಿಂತ ಮೊದಲು, ಅಕ್ಕನ ದಾನವನ್ನು ಎಣಿಸಿದ್ದಾನೆ. ಅಕ್ಷರಗಳು ಇಂದಿಗೂ ಚೂಪಾಗಿವೆ. ಅಧಿಷ್ಠಾನದ, ಅಂದರೆ ಗುಡಿಯ ತಳಗಟ್ಟಿನ, ಸುತ್ತ ನಡೆಯುವಾಗ ಅವು ಕೈಗೆ ಎಟುಕುವ ಎತ್ತರದಲ್ಲಿರುತ್ತವೆ. ಮುಟ್ಟದಿರುವ ಸಂಯಮ ನಮ್ಮದಾಗಬೇಕು.

ಇಷ್ಟೆಲ್ಲ ಇದ್ದರೂ ತಂಜಾವೂರನ್ನು ಆರಿಸಿಕೊಳ್ಳುವವರು ಕೆಲವು ನಿರಾಸೆಗಳಿಗೆ ಸಿದ್ಧರಾಗಿರಬೇಕು. ಗರ್ಭಗುಡಿಯ ಸುತ್ತಲಿನ ಒಳ ಓಣಿಯಲ್ಲಿರುವ ಚೋಳರ ಕಾಲದ ವರ್ಣಚಿತ್ರಗಳು, ಮುಂದೆ ತಂಜಾವೂರನ್ನಾಳಿದ ನಾಯಕರ ಕಾಲದ ಬಣ್ಣದ ಪದರದ ಕೆಳಗಿನಿಂದ 1931ರಲ್ಲಿ ಬೆಳಕಿಗೆ ಬಂದವು, ಸಾಮಾನ್ಯ ಭೇಟಿಗಾರರಿಗೆ ತೆರೆದಿಲ್ಲ. ಅದರ ಮೇಲಂತಸ್ತಿನಲ್ಲಿ ಶಿವನೇ ಭರತನ ನಾಟ್ಯಶಾಸ್ತ್ರದ ಕರಣಗಳನ್ನು, ಎಂದರೆ ನೃತ್ಯದ ಭಂಗಿಗಳನ್ನು, ಆಡಿ ತೋರಿಸುವ ಶಿಲ್ಪಗಳಿವೆ. 108ರಲ್ಲಿ 81 ಮುಗಿದು, ಉಳಿದ ಕಲ್ಲುಗಳು ಉಳಿಯೇಟಿಗೆ ಕಾಯುತ್ತ ಹಾಗೆಯೇ ಉಳಿದಿವೆ. ಅಲ್ಲಿಗೂ ಪ್ರವೇಶವಿಲ್ಲ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಬೃಹತ್ ನಂದಿ ರಾಜರಾಜನ ಕಾಲದ್ದಲ್ಲ, ನಾಯಕರ ಕಾಲದ್ದು. ಅಮ್ಮನವರ ಗುಡಿ ಪಾಂಡ್ಯರ ಕಾಲದ್ದು. ಕುಸುರಿ ಕೆಲಸದ ಸುಬ್ರಹ್ಮಣ್ಯ ಗುಡಿಯೂ ನಾಯಕರದೇ. ಸುತ್ತುಪೌಳಿಯ ಗೋಡೆಯ ಮೇಲಿನ ಉದ್ದನೆಯ ಮರಾಠಿ ಶಾಸನವೋ, ಭೋಂಸಲೆ ಮನೆತನದ ಚರಿತ್ರೆಯನ್ನು ಹೇಳಲು ತಂಜಾವೂರಿನ ಮರಾಠ ಅರಸ ಎರಡನೆಯ ಸರ್ಫೋಜಿ 1803ರಲ್ಲಿ ಕೆತ್ತಿಸಿದ್ದು. ಬಂದವರೆಲ್ಲ ತಮ್ಮದೊಂದು ಸೇರಿಸಿ ಹೋಗಿದ್ದಾರೆ, ಅಂಗಳ ಅಷ್ಟು ದೊಡ್ಡದಾದ್ದರಿಂದ ಅದು ಎಲ್ಲವನ್ನೂ ತಾಳಿಕೊಂಡಿದೆ.

ವಿಮಾನದ ನೆರಳು ನೆಲಕ್ಕೆ ಬೀಳುವುದಿಲ್ಲ ಎಂಬ ಮಾತನ್ನು ಯಾವ ಮಾರ್ಗದರ್ಶಿಯೂ ಬಿಡುವುದಿಲ್ಲ. ನೆರಳು ಬೀಳುತ್ತದೆ, ಮಧ್ಯಾಹ್ನದ ನಂತರ ಜನರೆಲ್ಲ ಕೂರುವುದು ಆ ನೆರಳಿನಲ್ಲೇ. ತುದಿಯ ಗುಮ್ಮಟ ಎಂಬತ್ತು ಟನ್ನಿನ ಒಂದೇ ಬಂಡೆ ಎಂಬ ಕಥೆಯೂ ಹಾಗೆಯೇ. ಅದು ಹಲವು ಕಲ್ಲುಗಳನ್ನು ಜೋಡಿಸಿ ಮಾಡಿದ್ದು. ನನಗಂತೂ ಆ ಜೋಡಣೆಯ ಸಂಗತಿ ಒಂಟಿ ಬಂಡೆಯ ಕಥೆಗಿಂತ ಹೆಚ್ಚು ಅಚ್ಚರಿಯದಾಗಿ ಕಾಣುತ್ತದೆ.

ಗಂಗೈಕೊಂಡ ಚೋಳಪುರಕ್ಕೆ ಹೋಗುವ ದಾರಿಯಿಂದಲೇ ಅದರ ಕಥೆಯನ್ನು ಆರಂಭಿಸಬೇಕು. ಕುಂಭಕೋಣದಿಂದ ಉತ್ತರಕ್ಕೆ ಸುಮಾರು 35 ಕಿಲೊಮೀಟರ್ ಇರುವ ಈ ಊರಿಗೆ ಹೋಗುವಾಗ ಅಣೈಕ್ಕರೈ ಎಂಬಲ್ಲಿ ಕೊಳ್ಳಿಡಂ ನದಿಯನ್ನು ದಾಟಬೇಕು. ಅಲ್ಲಿನ ಹಳೆಯ ಅಣೆಕಟ್ಟನ್ನು 1836ರಲ್ಲಿ ಬ್ರಿಟಿಷರು ಕಟ್ಟಿಸಿದಾಗ ಕಲ್ಲಿಗಾಗಿ ಬಹಳ ದೂರ ಹುಡುಕಲಿಲ್ಲ: ರಾಜೇಂದ್ರನ ಗುಡಿಯ ಹೊರಪ್ರಾಕಾರವನ್ನು ಬಿಚ್ಚಿ ತಂದರು. ಹೀಗಾಗಿ ನೀವು ಗುಡಿಯನ್ನು ಕಾಣುವ ಮೊದಲೇ ಅದರ ಗೋಡೆಯ ಹತ್ತಿರ ಹಾದು ಹೋಗಿರುತ್ತೀರಿ. ಆಮೇಲೆ ಬಯಲಿನ ನಡುವೆ, ಊರೆಂಬ ಊರೇ ಇಲ್ಲದ ಕಡೆ, ವಿಮಾನ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಎರಡೂವರೆ ಶತಮಾನಗಳ ಹತ್ತಿರ ಚೋಳರ ರಾಜಧಾನಿಯಾಗಿದ್ದ ನಗರದಲ್ಲಿ ಅರಮನೆಯಿಂದ ಉಳಿದದ್ದು ಮಾಳಿಗೈಮೇಡಿನ ಅಗೆತದಲ್ಲಿ ಕಂಡ ಇಟ್ಟಿಗೆಯ ತಳಪಾಯವಷ್ಟೇ.

ಅಪ್ಪನ ಗುಡಿಯನ್ನು ನೋಡಿದ ಮರುದಿನ ಮಗನ ಗುಡಿಯನ್ನು ನೋಡುವುದರಲ್ಲಿ ಒಂದು ವಿಶೇಷ ಸುಖವಿದೆ. ಎತ್ತರದಲ್ಲಿ ಕೆಲವೇ ಮೀಟರ್ ಕಡಿಮೆ. ಆದರೆ ತಂಜಾವೂರಿನ ವಿಮಾನ ಸರಳ ರೇಖೆಯಲ್ಲಿ, ಬಿಗಿದ ಸೈನಿಕನಂತೆ ಏರಿದರೆ, ಇದು ಮೇಲೇರುತ್ತ ಒಳಕ್ಕೆ ಬಾಗಿ ಮೆದುವಾಗುತ್ತದೆ. ಗೋಡೆಗಳೂ ಇಲ್ಲಿ ತುಂಬಿಕೊಂಡಿವೆ. ಉತ್ತರದ ಮೆಟ್ಟಿಲುಗಳ ಪಕ್ಕದಲ್ಲಿರುವ ಚಂಡೇಶಾನುಗ್ರಹಮೂರ್ತಿಯನ್ನು ನೋಡದೆ ಬರಬಾರದು. ಪಾರ್ವತಿಯೊಡನೆ ಕುಳಿತ ಶಿವ, ಕೈಮುಗಿದು ಮೊಣಕಾಲೂರಿದ ಭಕ್ತನ ತಲೆಗೆ ಹೂಮಾಲೆಯನ್ನು ಸುತ್ತುತ್ತಿದ್ದಾನೆ. ದಂಡೆಯ ಒಂದು ಸುತ್ತು ಆಗಲೇ ಬಿದ್ದಿದೆ, ಇನ್ನೊಂದನ್ನು ಸುತ್ತಲು ಬೆರಳುಗಳು ಅಣಿಯಾಗಿವೆ, ಮಗುವಿಗೆ ಜಡೆ ಹಾಕುವ ತಂದೆಯ ಎಚ್ಚರ ಆ ಕೈಗಳಲ್ಲಿದೆ. ಆ ಚಂಡೇಶನಲ್ಲಿ ರಾಜೇಂದ್ರನನ್ನೇ ಕಂಡ ವಿದ್ವಾಂಸರಿದ್ದಾರೆ. ಅಲ್ಲಿಯೇ ಇರುವ ಸರಸ್ವತಿಯ ಮುಂದೆಯೂ ಐದು ನಿಮಿಷ ನಿಲ್ಲಬೇಕು. ಮಕ್ಕಳಿದ್ದರೆ ಅವರು ತಾವಾಗಿಯೇ ಅಂಗಳದ ಸಿಂಹದ ಬಾವಿಯ ಕಡೆ ಓಡುತ್ತಾರೆ. ಸಿಂಹದ ಹೊಟ್ಟೆಯೊಳಗಿನಿಂದ ಬಾವಿಗೆ ಮೆಟ್ಟಿಲುಗಳು ಇಳಿಯುತ್ತವೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಮಂಟಪದೊಳಗೆ ಒಂದೇ ಕಲ್ಲಿನಲ್ಲಿ ತಾವರೆಯ ಆಕಾರದಲ್ಲಿ ಮಾಡಿದ ಸೂರ್ಯಪೀಠವಿದೆ. ನವಗ್ರಹ ಪೀಠವೆಂದು ಅದಕ್ಕೆ ಪೂಜೆ ನಡೆಯುತ್ತದೆ. ಅದರ ಕೆಲಸ ಚೋಳರದಲ್ಲ, ಚಾಲುಕ್ಯರ ಶೈಲಿಯದು. ಕಲ್ಯಾಣದ ಚಾಲುಕ್ಯರ ಮೇಲೆ ದಂಡೆತ್ತಿ ಹೋದ ಚೋಳರು ಗೆಲುವಿನ ಗುರುತಾಗಿ ಶಿಲ್ಪಗಳನ್ನು ಹೊತ್ತು ತರುತ್ತಿದ್ದರು. ರಾಜೇಂದ್ರನ ಸೇನೆ ಗಂಗೆಯವರೆಗೆ ನಡೆಸಿದ ದಂಡಯಾತ್ರೆಯ ಬಗ್ಗೆ ತಮಿಳುನಾಡಿನಲ್ಲಿ ಹೆಮ್ಮೆಯ ಮಾತು ಕೇಳುತ್ತೇವೆ, ಅದಕ್ಕೆ ಕಾರಣವೂ ಇದೆ: ತಂದ ಗಂಗಾಜಲವನ್ನು ಸುರಿಸಿದ ಕೆರೆಯನ್ನು ಅವನ ತಾಮ್ರಶಾಸನ ನೀರಿನ ಜಯಸ್ತಂಭವೆಂದು ಕರೆದಿದೆ. ಆದರೆ ಅದೇ ಸೇನೆ ನಮ್ಮ ಕಡೆ ಬಂದಾಗ ಏನಾಯಿತೆಂಬುದನ್ನು ಹೊಟ್ಟೂರಿನ 1007ರ ಕನ್ನಡ ಶಾಸನ ಬೇರೆಯೇ ದನಿಯಲ್ಲಿ ಹೇಳುತ್ತದೆ. ಸುಟ್ಟ ಊರುಗಳೂ, ಕೊಂದ ಹೆಂಗಸರು ಮಕ್ಕಳೂ ಅದರಲ್ಲಿದ್ದಾರೆ. ಆ ಸೂರ್ಯಪೀಠದ ಮುಂದೆ ನಿಂತಾಗ ಎರಡೂ ಶಾಸನಗಳು ನೆನಪಿಗೆ ಬರುವುದು ಒಳ್ಳೆಯದು.

ಇಷ್ಟು ಹೇಳಿಯೂ ಒಂದು ದಿನದವರಿಗೆ ಇದನ್ನು ಬಿಡಿ ಎಂದದ್ದೇಕೆಂದರೆ, ದೂರಕ್ಕಿಂತ ಹೆಚ್ಚಾಗಿ, ಇದು ಅವಸರವನ್ನು ಸಹಿಸದ ಜಾಗ. ಇಲ್ಲಿನ ದೊಡ್ಡ ಸಂಪತ್ತು ನಿಶ್ಶಬ್ದ. ಹುಲ್ಲಿನ ಮೇಲೆ ಕುಳಿತು, ವಿಮಾನದ ಅಂತಸ್ತುಗಳಲ್ಲಿ ಗಿಣಿಗಳು ಹೊಕ್ಕು ಹೊರಡುವುದನ್ನು ನೋಡುತ್ತ ಒಂದು ಗಂಟೆ ಸುಮ್ಮನಿರಲು ಪುರುಸೊತ್ತಿಲ್ಲದವರಿಗೆ ಇದು ತಂಜಾವೂರಿನ ಚಿಕ್ಕ ಪ್ರತಿಯಂತೆ ಕಂಡು ಮರೆತುಹೋಗುತ್ತದೆ. ಐಪ್ಪಸಿ ತಿಂಗಳ ಹುಣ್ಣಿಮೆಯಲ್ಲಿ, ಅಂದರೆ ಅಕ್ಟೋಬರ್–ನವೆಂಬರಿನಲ್ಲಿ, ಆಳೆತ್ತರ ಮೀರಿದ ಲಿಂಗಕ್ಕೆ ರಾಶಿ ರಾಶಿ ಅನ್ನದ ಅಭಿಷೇಕ ನಡೆಯುವ ದಿನ ಮಾತ್ರ ಈ ಮೌನ ಇರುವುದಿಲ್ಲ.

ಇನ್ನು ದಾರಾಸುರ. ಕುಂಭಕೋಣದಿಂದ ನಾಲ್ಕು ಕಿಲೊಮೀಟರ್, ಆಟೊ ಹಿಡಿದರೆ ಕಾಲು ಗಂಟೆ. ವಿಮಾನದ ಎತ್ತರ 24 ಮೀಟರ್ ಮಾತ್ರ. ಮೊದಲೆರಡನ್ನು ನೋಡಿ ಬಂದವರಿಗೆ ಹೊರಗಿನಿಂದ ಇದೇನು ಎನಿಸಬಹುದು. ಮುಂದೆ ತಲೆ ಕಳೆದುಕೊಂಡ ಹಾಳು ಗೋಪುರವೊಂದು ನಿಂತಿದೆ. ಅಂಗಳ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ಜೋರು ಮಳೆಯ ನಂತರ ನೀರು ನಿಲ್ಲುವುದೂ ಉಂಟು. ಬಲಿಪೀಠದ ಮೆಟ್ಟಿಲುಗಳನ್ನು ತಟ್ಟಿದರೆ ಸ್ವರಗಳು ಹೊರಡುತ್ತವೆ ಎಂದು ಕೇಳಿ ಬಂದವರಿಗೆ ಅಲ್ಲಿ ಕಬ್ಬಿಣದ ಜಾಲರಿ ಎದುರಾಗುತ್ತದೆ. ಎಷ್ಟು ಸಾವಿರ ಜನ ತಟ್ಟಿರಬಹುದೆಂದು ಯೋಚಿಸಿದರೆ ಜಾಲರಿಯ ಮೇಲೆ ಸಿಟ್ಟು ಬರುವುದಿಲ್ಲ.

ಆದರೆ ಈ ಮೂರರಲ್ಲಿ ಹತ್ತಿರ ಹೋದಷ್ಟೂ ಹೆಚ್ಚು ಕೊಡುವ ಗುಡಿ ಇದೊಂದೇ. ಮುಂದಿನ ಮಂಟಪಕ್ಕೆ ಚಕ್ರಗಳನ್ನೂ ಮುನ್ನುಗ್ಗುವ ಕುದುರೆಗಳನ್ನೂ ಕೊಟ್ಟು ರಥವನ್ನಾಗಿ ಮಾಡಿದ್ದಾರೆ. ಒಳಗಿನ ಕಂಬಗಳ ಮೇಲೆ ಬೆರಳಗಲದ ನರ್ತಕಿಯರು, ಮದ್ದಳೆಯವರು, ಕುಸ್ತಿಯ ಜಟ್ಟಿಗಳು. ಒಂದೇ ತಲೆಯನ್ನು ಹಂಚಿಕೊಂಡ ಎತ್ತು ಮತ್ತು ಆನೆಯ ಶಿಲ್ಪವಿದೆ. ಒಂದು ಬದಿಯನ್ನು ಅಂಗೈಯಿಂದ ಮುಚ್ಚಿದರೆ ಎತ್ತು, ಇನ್ನೊಂದು ಬದಿಯನ್ನು ಮುಚ್ಚಿದರೆ ಆನೆ. ಇದೇ ಬಗೆಯ ಜಾಣತನವನ್ನು ನಮ್ಮ ಕೆಲವು ಗುಡಿಗಳಲ್ಲೂ ಕಂಡ ನೆನಪು ನಿಮಗಿದ್ದೀತು. ಗ್ರಾನೈಟ್ ಒರಟು, ಅದರಲ್ಲಿ ಸಣ್ಣ ಕೆಲಸ ಆಗದು ಎಂದು ಮೇಲೆ ನಾನೇ ಹೇಳಿದ ಮಾತನ್ನು ದಾರಾಸುರದ ಶಿಲ್ಪಿಗಳು ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ಅಲ್ಲಿಗೆ ಮತ್ತೆ ಮತ್ತೆ ಎಳೆಯುವುದು ಮುಖ್ಯ ಗುಡಿಯ ಬುಡದ ಪಟ್ಟಿಕೆ. ಶೇಕ್ಕಿಳಾರ್ ಎರಡನೆಯ ಕುಲೋತ್ತುಂಗನ ಕಾಲದಲ್ಲಿ ನಾಯನ್ಮಾರರೆಂಬ ಅರವತ್ತುಮೂರು ಶಿವಭಕ್ತರ ಚರಿತ್ರೆಯನ್ನು ಪೆರಿಯಪುರಾಣವಾಗಿ ಹಾಡಿದನು. ಅದರ ಮುಂದಿನ ತಲೆಮಾರಿನಲ್ಲೇ ಆ ಕಥೆಗಳು ಇಲ್ಲಿ ಸಾಲು ಸಾಲಾಗಿ ಚಿಕ್ಕ ಫಲಕಗಳಲ್ಲಿ ಕೂತಿವೆ, ಹಲವಕ್ಕೆ ತಮಿಳಿನಲ್ಲಿ ಹೆಸರಿನ ಚೀಟಿಯೂ ಇದೆ. ಇವರು ನಮಗೆ ಪರಕೀಯರಲ್ಲ. ಶರಣರು ತಮ್ಮ ವಚನಗಳಲ್ಲಿ ‘ಪುರಾತನರು’ ಎಂದು ಕೈಮುಗಿದದ್ದು ಇವರಿಗೇ. ಹರಿಹರನು ರಗಳೆಗಳಲ್ಲಿ ಕೊಂಡಾಡಿದ ನಂಬಿಯಣ್ಣ ಇಲ್ಲಿಯ ಸುಂದರರ್. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಪ್ರಾಕಾರದಲ್ಲಿ ಸಾಲಾಗಿ ನಿಂತವರೂ ಇವರೇ. ಬೇಡರ ಕಣ್ಣಪ್ಪನ ಕಥೆಯನ್ನು ಅಜ್ಜಿಯಿಂದ ಕೇಳಿದ ಮಗುವಿಗೆ ಇಲ್ಲಿ ಯಾರೂ ವಿವರಿಸಬೇಕಾದ್ದಿಲ್ಲ. ಒಂದು ಫಲಕದ ಮುಂದೆ ನಾನು ಮೊಣಕಾಲೂರಿ ಬಹಳ ಹೊತ್ತು ಕುಳಿತಿದ್ದೆ: ಕೊಳದಲ್ಲಿ ಮೊಸಳೆ ನುಂಗಿದ್ದ ಹುಡುಗನನ್ನು ಸುಂದರರ್ ಹಾಡಿ ಮರಳಿ ಕರೆದ ಅವಿನಾಶಿಯ ಪ್ರಸಂಗ. ಮೊಸಳೆಯ ತೆರೆದ ಬಾಯಿಂದ ಹುಡುಗ ಹೊರಗೆ ಬರುತ್ತಿದ್ದಾನೆ. ಇಷ್ಟು ದೊಡ್ಡ ಪವಾಡಕ್ಕೆ ಶಿಲ್ಪಿ ಕೊಟ್ಟ ಜಾಗ ಒಂದು ಪುಸ್ತಕದ ಹಾಳೆಯಷ್ಟು.

ಫಲಕಗಳನ್ನು ಓದಬೇಕೆಂದರೆ ಬಗ್ಗಬೇಕು, ನಿಧಾನವಾಗಿ ಪ್ರದಕ್ಷಿಣೆ ಬರಬೇಕು, ಬೆಳಕು ಓರೆಯಾಗಿ ಬೀಳುವ ಹೊತ್ತಾಗಿರಬೇಕು. ಸಂಜೆ ನಾಲ್ಕೂವರೆಯ ನಂತರ ಪಶ್ಚಿಮದ ಬಿಸಿಲು ಹಿಂಬದಿಯ ಗೋಡೆಯ ಮೇಲೆ ಹರಿದು ಬರುವಾಗ ಉಬ್ಬುಗಳೆಲ್ಲ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಹೋದವರಿಗೆ ಅದೇ ಗೋಡೆ ಚಪ್ಪಟೆಯಾಗಿ, ಬೂದು ಬಣ್ಣವಾಗಿ ಕಾಣುತ್ತದೆ. ದಾರಾಸುರ ಸಪ್ಪೆ ಎಂದು ಬಂದು ಹೇಳಿದವರನ್ನು ನಾನು ಮೊದಲು ಕೇಳುವುದು ಎಷ್ಟು ಗಂಟೆಗೆ ಹೋಗಿದ್ದಿರಿ ಎಂಬುದನ್ನು.

ದಾರಾಸುರದ ಒಂದು ಶಿಲ್ಪ ದಾರಾಸುರದಲ್ಲಿಲ್ಲ. ಅದನ್ನು ನೋಡಲು ತಂಜಾವೂರಿನ ಅರಮನೆಯ ಕಲಾಸಂಗ್ರಹಾಲಯಕ್ಕೆ ಹೋಗಬೇಕು. ಅದು ಗದೆ ಹಿಡಿದ ದ್ವಾರಪಾಲಕ. ಕಲ್ಲಿನ ಬಣ್ಣ, ಒಡವೆಗಳ ಬಿಗಿ, ಮೈಯ ತಿರುವು ಯಾವುದೂ ಸುತ್ತಲಿನ ಚೋಳ ಮೂರ್ತಿಗಳೊಂದಿಗೆ ಸೇರುವುದಿಲ್ಲ, ನೋಡಿದ ಕೂಡಲೇ ನಮ್ಮ ಕಡೆಯದು ಎನಿಸುತ್ತದೆ. ಪೀಠದ ಮೇಲಿನ ತಮಿಳು ಬರಹ ಅದನ್ನೇ ಹೇಳುತ್ತದೆ: ವಿಜಯರಾಜೇಂದ್ರದೇವನು ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕ. ವಿಜಯರಾಜೇಂದ್ರನೆಂದರೆ ರಾಜೇಂದ್ರನ ಮಗ ಒಂದನೆಯ ರಾಜಾಧಿರಾಜ. ಕಲ್ಯಾಣಪುರವೆಂದರೆ ಇಂದಿನ ಬಸವಕಲ್ಯಾಣ. ಮುಂದೆ 1054ರ ಕೊಪ್ಪಂ ಕಾಳಗದಲ್ಲಿ ಚಾಲುಕ್ಯ ಅರಸ ಆಹವಮಲ್ಲ ಸೋಮೇಶ್ವರನ ಸೇನೆಯ ಎದುರು ಇದೇ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಬೀದರ ಜಿಲ್ಲೆಯ ಬಾಗಿಲುಗಾವಲಿನವನು ಕಾವೇರಿ ತೀರಕ್ಕೆ ಬಂದು ಸಾವಿರ ವರ್ಷಗಳ ಹತ್ತಿರವಾಗಿದೆ. ತಂಜಾವೂರನ್ನು ಆರಿಸಿಕೊಂಡವರು ಬೆಳಗಿನ ಗುಡಿಯ ನಂತರ, ಬಿಸಿಲೇರಿದ ಹೊತ್ತನ್ನು ಈ ಸಂಗ್ರಹಾಲಯಕ್ಕೆ ಇಟ್ಟುಕೊಂಡರೆ ಕಂಚಿನ ನಟರಾಜರನ್ನೂ ನೋಡಿದಂತಾಗುತ್ತದೆ, ನೆರಳೂ ಸಿಗುತ್ತದೆ.

ಯಾರಿಗೆ ಯಾವುದು ಎಂಬುದನ್ನು ಈಗ ಸ್ವಲ್ಪ ನಿಷ್ಠುರವಾಗಿ ಹೇಳಬಹುದು. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮನೆಮಂದಿಯೊಡನೆ ಹೋಗುವವರಿಗೆ, ತಂಜಾವೂರೇ ಸರಿ. ರೈಲು, ಬಸ್ಸು, ಊಟ, ವಸತಿ ಎಲ್ಲವೂ ಹತ್ತಿರದಲ್ಲಿವೆ, ಅಂಗಳ ಸಮತಟ್ಟಾಗಿದೆ. ಪ್ರದೋಷದ ದಿನ ನಂದಿಯ ಅಭಿಷೇಕಕ್ಕೆ ಜನ ಕಿಕ್ಕಿರಿಯುತ್ತಾರೆ. ಅದನ್ನು ನೋಡಲೆಂದೇ ಹೋಗುವವರನ್ನು ಬಿಟ್ಟರೆ ಉಳಿದವರು ಪಂಚಾಂಗ ನೋಡಿಕೊಂಡು ಹೊರಡುವುದು ಲೇಸು. ಶಿಲ್ಪವನ್ನು ಬಿಡಿಬಿಡಿಯಾಗಿ ನೋಡುವ ಅಭ್ಯಾಸವಿದ್ದವರು, ಚಿತ್ರ ಬರೆಯುವವರು, ವಚನ–ರಗಳೆಗಳ ಓದಿನ ಹಿನ್ನೆಲೆಯವರು ದಾರಾಸುರಕ್ಕೆ ಹೆಚ್ಚು ಹೊತ್ತು ಕೊಡಬೇಕು. ಗುಂಪು ಕಂಡರೆ ಆಗದವರು, ಈ ಮೊದಲು ತಂಜಾವೂರನ್ನು ನೋಡಿದವರು, ಚರಿತ್ರೆಯ ವಿದ್ಯಾರ್ಥಿಗಳು ಗಂಗೈಕೊಂಡ ಚೋಳಪುರಕ್ಕೆ ಹೋಗಬೇಕು. ದೇವರ ದರ್ಶನವೇ ಮುಖ್ಯವೆನ್ನುವವರಿಗೆ ಮೂರರಲ್ಲೂ ನಿತ್ಯಪೂಜೆಯಿದೆ. ಆದರೆ ನೂಕುನುಗ್ಗಲಿಲ್ಲದೆ, ಅರ್ಚಕರು ಹೆಸರು ಗೋತ್ರ ಕೇಳಿ ಮಂಗಳಾರತಿ ಮಾಡುವಷ್ಟು ಬಿಡುವು ಕೊನೆಯ ಎರಡರಲ್ಲೇ ಹೆಚ್ಚು.

ಉಳಿಯುವುದಕ್ಕೆ ತಂಜಾವೂರಿಗಿಂತ ಕುಂಭಕೋಣ ಅನುಕೂಲ ಎಂಬುದು ನನ್ನ ಅನುಭವ. ತಂಜಾವೂರು ಅಲ್ಲಿಂದ ಸುಮಾರು 40 ಕಿಲೊಮೀಟರ್. ದಾರಾಸುರ ಬಾಗಿಲಲ್ಲೇ ಇದೆ. ಗಂಗೈಕೊಂಡ ಚೋಳಪುರಕ್ಕೂ ದೂರ ಅರ್ಧವಾಗುತ್ತದೆ. ಮೈಸೂರಿನಿಂದ ಬೆಂಗಳೂರಿನ ಮೇಲೆ ಮೈಲಾಡುತುರೈ ಕಡೆಗೆ ಹೋಗುವ ರಾತ್ರಿಯ ರೈಲು ತಂಜಾವೂರು, ಕುಂಭಕೋಣ ಎರಡರಲ್ಲೂ ನಿಲ್ಲುತ್ತದೆ. ಗುಡಿಗಳು ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಯ ಸುಮಾರಿಗೆ ಬಾಗಿಲು ಹಾಕಿ ಸಂಜೆ ನಾಲ್ಕರ ಹೊತ್ತಿಗೆ ತೆರೆಯುವುದು ಆ ಕಡೆಯ ರೂಢಿ. ಈ ನಾಲ್ಕು ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದ ಯಾವ ಪಟ್ಟಿಯನ್ನೂ ನಂಬಬೇಡಿ. ಪ್ರವೇಶಕ್ಕೆ ಶುಲ್ಕವಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬರಿಗಾಲಿನ ಪ್ರದಕ್ಷಿಣೆ ಹರಕೆ ಹೊತ್ತವರಿಗೆ ಮಾತ್ರ. ಜನವರಿ, ಫೆಬ್ರವರಿ ಎಲ್ಲಕ್ಕಿಂತ ಉತ್ತಮ, ಗದ್ದೆಗಳೂ ಆಗ ಕಣ್ಣಿಗೆ ತಂಪಾಗಿರುತ್ತವೆ.

ಮೂರನ್ನೂ ಈಗಾಗಲೇ ನೋಡಿದವರು ನಾಲ್ಕನೆಯದನ್ನು ಕೇಳುತ್ತಾರೆ. ಕುಂಭಕೋಣದ ಬಳಿಯ ತ್ರಿಭುವನದಲ್ಲಿ ಮೂರನೆಯ ಕುಲೋತ್ತುಂಗನ ಕಂಪಹರೇಶ್ವರನಿದ್ದಾನೆ, ಇದೇ ಸಾಲಿನ ಕೊನೆಯ ದೊಡ್ಡ ವಿಮಾನ ಅಲ್ಲಿದೆ. ಆದರೆ ನಾನು ಕಳಿಸುವುದು ಹಿಂದಕ್ಕೆ, ರಾಜರಾಜನಿಗಿಂತ ನೂರು ವರ್ಷ ಮೊದಲಿನ ಚಿಕ್ಕ ಗುಡಿಗಳಿಗೆ. ಕುಂಭಕೋಣದ ಒಳಗೇ ಇರುವ ನಾಗೇಶ್ವರನ ಗುಡಿಯ ಹೊರಗೋಡೆಯ ಗೂಡುಗಳಲ್ಲಿ ದೇವತೆಗಳ ಜೊತೆಗೆ ಮನುಷ್ಯರೂ ನಿಂತಿದ್ದಾರೆ. ರಾಣಿಯೋ, ದಾನ ಕೊಟ್ಟವಳೋ ಹೆಸರಿಲ್ಲದ ಒಬ್ಬ ಹೆಂಗಸು ಸೊಂಟದ ಮೇಲೆ ಭಾರ ಹಾಕಿ, ಈಗಷ್ಟೇ ಮಾತು ನಿಲ್ಲಿಸಿದವಳಂತೆ ನೋಡುತ್ತಾಳೆ. ತಂಜಾವೂರು–ಕುಂಭಕೋಣ ದಾರಿಯ ಪಶುಪತಿಕೋವಿಲ್ ಹತ್ತಿರ ಪುಳ್ಳಮಂಗೈ ಎಂಬ ಹಳ್ಳಿಯಿದೆ. ಅಲ್ಲಿನ ಬ್ರಹ್ಮಪುರೀಶ್ವರನ ಗುಡಿಯ ಬುಡದಲ್ಲಿ ಅಂಗೈಯಗಲದ ಕಲ್ಲುಗಳಲ್ಲಿ ರಾಮಾಯಣವನ್ನು ಕೆತ್ತಿದ್ದಾರೆ. ಬಾಗಿಲು ಹಾಕಿದ್ದರೆ ಅರ್ಚಕರ ಮನೆ ಯಾವುದೆಂದು ಬೀದಿಯಲ್ಲಿ ಕೇಳಿ. ಕೈಯಲ್ಲೊಂದು ಟಾರ್ಚ್ ಇರಲಿ.